ಎಡಕ್ಕೆ ವಾಲುವ ಕಪ್ಪೆ

ನನ್ನ ಬಲಗೈಯ ತೋರುಬೆರಳೂ ನಡುಬೆರಳೂ ನಡುಗೆಣ್ಣಿನ ತನಕ ಮಾತ್ರ ಇವೆ. ಮೇಲಿನದನ್ನು ಕಟ್ಟಿಗೆ ಹೆರೆಯುವ ರಂದಾ ಮಷಿನ್ ತೆಗೆದುಕೊಂಡಿತು. ತಪ್ಪು ಮಷಿನ್ನಿನದಲ್ಲ, ನನ್ನದೇ. ಗೇಣುದ್ದದ ತುಂಡನ್ನು ಮಷಿನ್ನಿಗೆ ಕೊಟ್ಟು ನುಣುಪು ಮಾಡುವಾಗ ಹಿಂದಿನಿಂದ ಒಂದು ಕೋಲು ಇಟ್ಟು ದೂಡಬೇಕು, ಕೈಯಿಂದ ದೂಡಬಾರದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಈ ಮಾತನ್ನು ಹೇಳಿಕೊಟ್ಟವನು ನಾನೇ. ಇಪ್ಪತ್ತೆರಡು ವರ್ಷ ಕಟ್ಟಿಗೆಯ ಜೊತೆ ಬಾಳಿದವನಿಗೆ ಕೋಲು ಯಾತಕ್ಕೆ ಎಂಬ ಸೊಕ್ಕು ನನ್ನಲ್ಲಿತ್ತು.

ನಮ್ಮದು ಬಡಿಗತನದ ಮನೆತನವಲ್ಲ. ಹೊಲದ ಮಂದಿ. ಆರನೆಯ ಇಯತ್ತೆಯ ನಡುವೆ ಸಾಲಿ ಬಿಟ್ಟು ಭಾಗ್ಯನಗರದ ಕಟ್ಟಿಗೆ ಕಾರ್ಖಾನೆ ಸೇರಿದೆ. ಬಡಿಗರಲ್ಲದವನ ಕೈಗೆ ಉಳಿ ಒಗ್ಗುವುದಿಲ್ಲ ಎಂದು ಅಂದವರ ಮನೆಗೇ ಮುಂದೆ ಬಾಗಿಲು ಮಾಡಿ ಕೂಡಿಸಿದೆ. ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ, ಇಟಗಿಯ ಹಾದಿಯ ಊರುಗಳಲ್ಲಿ ನಾನು ಮಾಡಿದ ಬಾಗಿಲುಗಳಿವೆ. ಮಳೆಗಾಲದಲ್ಲಿಯೂ ಅವು ಬಿಗಿಯುವುದಿಲ್ಲ, ಒಂದು ಬೆರಳು ತಾಗಿಸಿದರೆ ಸಾಕು, ತೆರೆಯುತ್ತವೆ. ಇದನ್ನು ನಾನು ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ಹೊಲಿಗೆ ಬಿಚ್ಚಿದ ಮೇಲೆ ಮಾಲಕರು ಮನೆಗೆ ಬಂದರು. ನನಗೆ ಕೆಲಸ ಕಲಿಸಿದವರೂ ಅವರೇ. ಚಹಾ ಕುಡಿದು ಬಟ್ಟಲು ಕೆಳಗಿಟ್ಟರು. “ತಮ್ಮಾ, ಮುಂದಿನ ಖೋಲ್ಯಾಗ ಒಂದು ಕುರ್ಚಿ ಹಾಕಸ್ತೀನಿ. ಬಂದ ಗಿರಾಕಿ ಜೋಡಿ ಮಾತಾಡು, ಅಳತಿ ಬರಕೊ. ಉಳಿ ಹಿಡಿಯೂದು ಬ್ಯಾಡ ಇನ್ನ” ಎಂದರು.

“ಕೈ ಮಾಯಲಿ, ಬರ್ತೀನ್ರಿ. ನನ್ನ ಜಾಗಕ್ಕೇ ಬರ್ತೀನಿ” ಎಂದೆ.

“ನಿನ್ನ ಜಾಗಾ ಎಲ್ಲೂ ಹೋಗೂದಿಲ್ಲ ಬಿಡು” ಎಂದು ಅವರು ಎದ್ದರು. ನನ್ನ ಕೈಯ ಕಡೆ ನೋಡದೆ ಹೋದರು.

ಅವರಿಗೆ ಗೊತ್ತಿರದ ಒಂದು ಸಂಗತಿ ನನಗೆ ಗೊತ್ತಿತ್ತು. ಕೈ ಆಗಲೇ ಮಾಯ್ದಿತ್ತು. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮನೆಯ ಕದ ಹಾಕಿಕೊಂಡು ಉಳಿ ಹಿಡಿದು ನೋಡಿದ್ದೆ. ಹಿಡಿ ಅಂಗೈಯಲ್ಲಿ ನಿಲ್ಲುತ್ತಿತ್ತು. ಆದರೆ ಕಟ್ಟಿಗೆಗೆ ತಾಗಿಸಿದ ಕೂಡಲೇ ಉಳಿಯ ಬಾಯಿ ಎಡಕ್ಕೆ ಜಾರುತ್ತಿತ್ತು. ಉಳಿಗೆ ದಿಕ್ಕು ತೋರಿಸುವುದು ತೋರುಬೆರಳು, ಅದೇ ಇರಲಿಲ್ಲ. ನಾಲ್ಕು ದಿನ ನೋಡಿ, ಉಳಿಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟುಬಿಟ್ಟೆ. ಕೈ ಇನ್ನೂ ನೋಯುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಹೀಗೆ ಒಂದೂವರೆ ತಿಂಗಳು ಕಳೆದಿರಬೇಕು. ಗಂಗಾವತಿಯಿಂದ ಮಾವ ಬಂದರು. ತಾಯಿಯ ಖಾಸಾ ತಮ್ಮ, ಹೆಂಡತಿಯ ತಂದೆ, ಎರಡೂ ಅವರೇ. ಗಂಗಾವತಿಯ ಆಚೆ, ಕಾಲುವೆಯ ಕೆಳಗಿನ ಊರಿನಲ್ಲಿ ಅವರದು ನಾಲ್ಕು ಎಕರೆ ಗದ್ದೆ. ಹೆಗಲ ಮೇಲೆ ಅಕ್ಕಿಚೀಲ, ಕಿಸೆಯಲ್ಲಿ ಹಾಳೆಯಲ್ಲಿ ಸುತ್ತಿದ ಏನೋ ಒಂದು. ಕೂತವರೇ ಅದನ್ನು ಬಿಚ್ಚಿ ನನ್ನ ಮುಂದೆ ಇಟ್ಟರು. ಹಸಿರು ರಬ್ಬರಿನ ಒಂದು ಕಪ್ಪೆ. ಹೊಟ್ಟೆ ಹರಿದಿತ್ತು, ಒಂದು ಕಾಲು ಇರಲಿಲ್ಲ, ಬೆನ್ನ ಮೇಲೆ ಎರಡು ಗಾಳ ಮೇಲ್ಮುಖವಾಗಿ ಕೂತಿದ್ದವು.

“ಇದೇನ್ರಿ ಮಾವ?”

“ಹುಸಿ ಕಪ್ಪಿ. ಹೊಸಪ್ಯಾಟ್ಯಾಗ ತಂದಿದ್ದೆ. ಇದನ್ನ ನೀರ ಮ್ಯಾಲ ಒಗದು ಎಳಕೋಂತ ಬಂದ್ರ, ಕೊರಮೀನ ಖರೇ ಕಪ್ಪಿ ಅಂತ ಹಾರಿ ಹಿಡೀತೈತಿ. ನಮ್ಮ ಹೊಂಡದಾಗ ಒಂದು ಐತಿ ನೋಡು, ನನ್ನ ತೊಡಿ ಹಂಗ ಐತಿ. ಮೂರು ಕಪ್ಪಿ ಹರದು ಒಗದೈತಿ.”

“ಖರೇ ಕಪ್ಪಿನ ಯಾಕ ಚುಚ್ಚೂದಿಲ್ರಿ, ಮೊದಲಿನಂಗ?”

“ನಿಮ್ಮತ್ತಿ ಬಿಡವಲ್ಲಳು. ಜೀವ ಇದ್ದ ಕಪ್ಪಿಗೆ ಗಾಳ ಚುಚ್ಚಿದ್ರ ಮನಿಯಾಗ ಅಡಗಿ ಮಾಡೂದಿಲ್ಲ ಅಂತಾಳ. ಮೀನ ತಂದ್ರ ಮಾತ್ರ ಎರಡು ಸಲ ನೀಡಿಸ್ಕೋತಾಳ.” ಮಾವ ನಕ್ಕರು. ಆಮೇಲೆ ಚಹಾದ ಬಟ್ಟಲು ನೋಡುತ್ತ, “ನೀ ಬಡಗಿ ಅದೀ. ಕಟ್ಟಿಗಿಂದು ಒಂದು ಮಾಡಿ ಕೊಡು. ಹರಿಯೂದಿಲ್ಲ” ಎಂದರು.

ಕೈ ನೋಯುತ್ತದೆ ಎಂದು ಹೇಳಲು ಬಾಯಿ ತೆರೆದೆ. ಆದರೆ ನನ್ನನ್ನು ಬಡಗಿ ಎಂದು ಯಾರೂ ಕರೆಯದೆ ಒಂದೂವರೆ ತಿಂಗಳಾಗಿತ್ತು. “ನೋಡೂಣ್ರಿ” ಎಂದೆ. ಮಾವನಿಗೆ ನಿಜವಾಗಿಯೂ ಕಪ್ಪೆ ಬೇಕಿತ್ತೋ, ಅಥವಾ ಮಗಳು ಫೋನಿನಲ್ಲಿ ಏನಾದರೂ ಹೇಳಿದ್ದಳೋ, ನಾನು ಈ ತನಕ ಕೇಳಿಲ್ಲ.

ಮೊದಲ ಕಪ್ಪೆಯನ್ನು ಸಾಗವಾನಿಯಲ್ಲಿ ಮಾಡಿದೆ. ಮನೆಯಲ್ಲಿದ್ದ ಒಳ್ಳೆಯ ತುಂಡು ಅದು, ಮಾವನಿಗೆ ಕೊಡುವುದು ಒಳ್ಳೆಯದೇ ಇರಲಿ ಎಂದು. ಉಳಿಯ ಸಹವಾಸ ಬೇಡವೆಂದು ಚಿಕ್ಕ ಚಾಕು ಹಿಡಿದೆ. ಚಾಕುವಿನ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಿ, ಹೆಬ್ಬೆರಳು ಮತ್ತು ಉಂಗುರಬೆರಳಿನ ನಡುವೆ ಸಿಕ್ಕಿಸಿಕೊಂಡೆ. ಮೂರು ದಿನ ಹಿಡಿಯಿತು. ಗಾಳ ಬಿಗಿದು ಅಂಗಳದ ನೀರಿನ ತೊಟ್ಟಿಯಲ್ಲಿ ಬಿಟ್ಟರೆ ಹಿಂಭಾಗ ಮುಳುಗಿ, ಮೂತಿ ಮಾತ್ರ ಮೇಲೆ ಮಾಡಿ ನಿಂತಿತು.

ಬಟ್ಟೆ ಒಗೆಯುತ್ತಿದ್ದ ಹೆಂಡತಿ ಬಗ್ಗಿ ನೋಡಿದಳು. “ಇದ್ಯಾಕ್ರಿ, ಯಾರನ್ನೋ ಹಾದಿ ಕಾದಂಗ ನಿಂತೈತಿ?”

“ಕಟ್ಟಿಗಿ ತೂಕ ಆತು.”

“ಬಾಗಲಾ ಮಾಡೂ ಕಟ್ಟಿಗ್ಯಾಗ ಕಪ್ಪಿ ಮಾಡಿದ್ರ ಮತ್ತೇನಾಗತೈತಿ?”

ಅವಳು ಹೇಳಿದ್ದು ಖರೆ. ಮರುದಿನ ಕಿನ್ನಾಳದ ಗೊಂಬೆ ಮಾಡುವವರಲ್ಲಿಗೆ ಹೋಗಿ ಅವರು ಬಳಸುವ ಹಗುರ ಕಟ್ಟಿಗೆಯನ್ನು ಒಂದು ತೋಳಿನಷ್ಟು ಕೇಳಿ ತಂದೆ. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನ್ನಿಸುವುದಿಲ್ಲ, ಅಷ್ಟು ಹಗುರ. ಅದು ಚಾಕುವಿಗೆ ಬೆಣ್ಣೆಯ ಹಾಗೆ ಬರುತ್ತದೆ, ಅದರಿಂದಲೇ ಕಷ್ಟ. ಸಾಗವಾನಿ ತಡೆದು ನಿಲ್ಲಿಸುತ್ತದೆ, ಇದು ತಡೆಯುವುದಿಲ್ಲ. ಕೈ ಒಂದು ಕೂದಲೆಳೆ ಜಾರಿದರೆ ಹೋಯಿತು. ಕಪ್ಪೆಯ ಎಡ ಭುಜ ಕೆತ್ತುವಾಗ ನನ್ನ ಚಾಕು ಜಾರಿ ಹೋಳು ಎದ್ದಿತು. ಸರಿ ಮಾಡಲು ಹೋದೆ, ಮತ್ತೊಂದಿಷ್ಟು ಹೋಯಿತು. ಕಪ್ಪೆಯ ಎಡಗಡೆ ಒಣಗಿದಂತಾಯಿತು. ಒಲೆಗೆ ಹಾಕಬೇಕೆಂದಿದ್ದೆ, ಆದರೆ ಅಷ್ಟು ಹೊತ್ತಿಗೆ ಎಂಟು ದಿನ ಆಗಿದ್ದವು, ಮಾವ ಎರಡು ಸಲ ಫೋನ್ ಮಾಡಿದ್ದರು. ಗೇಟಿಗೆ ಹಚ್ಚಿ ಉಳಿದ ಹಸಿರು ಬಣ್ಣ ಹಚ್ಚಿದೆ. ಹೆಂಡತಿ ಹಣೆಗೆ ಹಚ್ಚುವ ಟಿಕಳಿಯ ಹಾಳೆಯಿಂದ ಎರಡು ಕೆಂಪು ಟಿಕಳಿ ಕಿತ್ತು ಕಣ್ಣಿಗೆ ಅಂಟಿಸಿ, ಮೇಲೆ ವಾರ್ನಿಷ್ ಎಳೆದೆ. ನೀರಿನಲ್ಲಿ ಮಗುಚದಿರಲಿ ಎಂದು ಹೊಟ್ಟೆಗೆ ಚಿಕ್ಕ ತೂತು ಕೊರೆದು ಸೀಸದ ಚೂರು ತುಂಬಿದೆ. ಕಾಲಿಗೆ ಏನು ಮಾಡುವುದೆಂದು ನೋಡಿದಾಗ ಗೂಡಿನಲ್ಲಿ ಒಂದು ಡಬ್ಬಿ ಕಂಡಿತು.

ಭಾಗ್ಯನಗರದಲ್ಲಿ ಕೂದಲಿನ ದಂಧೆ ದೊಡ್ಡದು. ನನ್ನ ಹೆಂಡತಿ ದುಡಿಯುವುದೂ ಕೂದಲು ಆರಿಸುವ ಶೆಡ್ಡಿನಲ್ಲಿ. ಓಣಿಯ ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಒಗೆಯುವುದಿಲ್ಲ, ಉಂಡಿ ಮಾಡಿ ಕೂಡಿಡುತ್ತಾರೆ. ಸೈಕಲ್ಲಿನ ಮೇಲೆ ಬರುವವನು ಅದನ್ನು ತೂಗಿ ಸ್ಟೀಲಿನ ಡಬ್ಬಿಯನ್ನೋ ಬಕೀಟನ್ನೋ ಕೊಡುತ್ತಾನೆ. ಡಬ್ಬಿಯ ತುಂಬ ಹೆಂಡತಿಯ ಎಂಟು ತಿಂಗಳ ಕೂದಲಿತ್ತು. ಉದ್ದ, ಕರಿ, ಗಟ್ಟಿ ಕೂದಲು. ಒಂದು ಹಿಡಿ ತೆಗೆದು ಬಿಡಿಸಿ, ಬಾಚಿ, ಎರಡು ಜುಟ್ಟು ಕಟ್ಟಿ ಕಪ್ಪೆಯ ಹಿಂದೆ ಸಿಕ್ಕಿಸಿದೆ. ನೀರಿನಲ್ಲಿ ಬಿಟ್ಟರೆ ಕಾಲು ಬಿಚ್ಚಿ ಮುಚ್ಚಿದ ಹಾಗೆ ಆಡಿದವು.

ಸಂಜೆ ಅವಳಿಗೆ ಗೊತ್ತಾಯಿತು.

“ನನ್ನ ಕೂದಲಕ್ಕ ಬಕೀಟ ಬರ್ತಿತ್ರಿ! ಬಕೀಟ!”

“ನಿಮ್ಮಪ್ಪಗ ಹೇಳು. ಅವರ ಕಪ್ಪಿಗೆ ಹಾಕೀನಿ.”

“ಮಗಳ ಕೂದಲಾ ನೀರಾಗ ಎಳದಾಡಿ ಮೀನ ಹಿಡಿಯೂ ಅಪ್ಪನ್ನ ಎಲ್ಲೂ ನೋಡಿಲ್ಲವ್ವ” ಎಂದಳು. ಸಿಟ್ಟಿನಲ್ಲಿಯೇ ಕಪ್ಪೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. “ಎಡಗಡಿ ಯಾಕ ಹಿಂಗಾಗೈತಿ?”

ನಾನು ಕಪ್ಪೆಯನ್ನು ಅವಳ ಕೈಯಿಂದ ತೆಗೆದುಕೊಂಡು ಹಾಳೆಯಲ್ಲಿ ಸುತ್ತಿದೆ.

ರವಿವಾರ ಬಸ್ಸು ಹಿಡಿದು ಹೋದೆ. ಮಾವನ ಗದ್ದೆಯ ಕೊನೆಯಲ್ಲಿ, ಮೇಲಿನ ಗದ್ದೆಗಳ ಬಸಿನೀರು ಬಂದು ನಿಂತ ಹೊಂಡವಿದೆ. ಅಂಚಿಗೆ ಜೊಂಡು, ನಡುವೆ ತಾವರೆ ಎಲೆ. ಕೊರಮೀನು ಗಾಳಿ ಕುಡಿಯುವ ಮೀನು. ಆಗಾಗ ಮೇಲೆ ಬಂದು ಒಂದು ಗುಟುಕು ಎಳೆದು ಹೋಗುತ್ತದೆ, ನೀರಿನ ಮೇಲೆ ಗುಳ್ಳೆ ಏಳುತ್ತದೆ. ಮಾವ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಆ ಗುಳ್ಳೆಗೇ ಕಾದಿದ್ದರು. ಕಪ್ಪೆಯನ್ನು ದಾರಕ್ಕೆ ಕಟ್ಟಿ, ರೀಲು ಬಿಗಿದ ಬಿದಿರ ಕೋಲನ್ನು ಬೀಸಿ ಎಲೆಗಳ ಆಚೆ ಒಗೆದರು. ನಿಧಾನವಾಗಿ ದಾರ ಸುತ್ತತೊಡಗಿದರು.

ಕಪ್ಪೆ ನೆಟ್ಟಗೆ ಬರಲಿಲ್ಲ. ಎಡಕ್ಕೆ ವಾಲಿತು, ಎದ್ದಿತು, ಮತ್ತೆ ವಾಲಿತು. ಹೀಗೆ ಕುಂಟುತ್ತ ಎಲೆಯಿಂದ ಎಲೆಗೆ ಬರುತ್ತಿತ್ತು. ನನಗೆ ನೋಡಲಾಗಲಿಲ್ಲ, ಮುಖ ಆ ಕಡೆ ತಿರುಗಿಸಿದೆ. ಯಾರೋ ಕಲ್ಲು ಎತ್ತಿ ಹಾಕಿದ ಹಾಗೆ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಕಪ್ಪೆ ಇಲ್ಲ, ಕೋಲು ಬಿಲ್ಲಿನ ಹಾಗೆ ಬಾಗಿದೆ, ಮಾವ ಮೊಣಕಾಲ ತನಕ ಕೆಸರಿನಲ್ಲಿ ಇಳಿದಿದ್ದಾರೆ.

“ಬಂತಲೇ ಅಳಿಯಾ! ಬಂತು! ಕೋಲ ಹಿಡಿ, ಹಿಡಿಯೋ!”

ತೊಡೆಯಷ್ಟು ಇರಲಿಲ್ಲ, ಮುಂಗೈಯಷ್ಟು ಇತ್ತು. ದೊಡ್ಡದು ಅದಲ್ಲ. ಆದರೂ ಮಾವ ಅದನ್ನು ಹುಲ್ಲಿನ ಮೇಲೆ ಹಾಕಿ, ಅದರ ಬಾಯಿಂದ ಕಪ್ಪೆಯನ್ನು ಬಿಡಿಸಿ, ಎತ್ತಿ ಹಿಡಿದು ನಕ್ಕರು. “ಏನ ಹೊಂಟತಿ ನೋಡಲೇ ಇದು! ಕಾಲ ಮುರದ ಕಪ್ಪಿ ಹೊಂಟಂಗ ಹೊಂಟತಿ.”

ಅವರು ಹೊಗಳಿದ್ದು ಎಂದು ಈಗ ತಿಳಿಯುತ್ತದೆ. ಆವತ್ತು ನನ್ನ ಕಿವಿಗೆ ಬಿದ್ದದ್ದು ಮುರಿದದ್ದು ಎಂಬ ಒಂದೇ ಮಾತು. ಊಟದಲ್ಲಿ ಅತ್ತೆ ಬಡಿಸಿದ ಸಾರು ಚೆನ್ನಾಗಿತ್ತೋ ಇಲ್ಲವೋ ನೆನಪಿಲ್ಲ. ಮೀನಿನ ಹಲ್ಲಿನ ಗಾಯ ಆಗಿದೆ, ಬಣ್ಣ ಹಚ್ಚಿ ಕೊಡುತ್ತೇನೆ ಎಂದು ಕಪ್ಪೆಯನ್ನು ಕಿಸೆಯಲ್ಲಿ ಹಾಕಿಕೊಂಡು ಬಂದೆ.

ಆ ವಾರವಿಡೀ ಅದನ್ನು ನೆಟ್ಟಗೆ ಮಾಡಿದೆ. ಬಲಗಡೆಯನ್ನು ಉಸುಕಿನ ಹಾಳೆಯಿಂದ ತಿಕ್ಕಿ ತಿಕ್ಕಿ ಎಡಗಡೆಯ ಸಮ ಇಳಿಸಿದೆ. ಚಾಕು ಜಾರುತ್ತದೆ, ಉಸುಕಿನ ಹಾಳೆ ಜಾರುವುದಿಲ್ಲ. ಬೆನ್ನಿನ ಮೇಲೆ ಪೆನ್ಸಿಲ್ಲಿನಿಂದ ನಡುಗೆರೆ ಎಳೆದು, ಮೂಲೆ ನೋಡುವ ಗುಣ್ಯಾ ಇಟ್ಟು ನೋಡಿದೆ. ಸೀಸವನ್ನು ಕಿತ್ತು ಸರಿಯಾಗಿ ನಡುವೆ ಕೂಡಿಸಿದೆ. ಹೊಸ ಬಣ್ಣ, ಹೊಸ ಟಿಕಳಿ. ಕಾರ್ಖಾನೆಯಿಂದ ಹೊರಗೆ ಬಂದ ಮೇಲೆ ಮೊದಲ ಸಲ ನಾನು ಮಾಡಿದ ಒಂದು ವಸ್ತುವನ್ನು ಕಿಟಕಿಯಲ್ಲಿಟ್ಟು ದೂರ ನಿಂತು ನೋಡಿದೆ.

ಮುಂದಿನ ರವಿವಾರ ಮಾವ ಬೆಳಗಿನಿಂದ ಮಧ್ಯಾಹ್ನದ ತನಕ ಅದನ್ನು ಒಗೆದರು. ಕಪ್ಪೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು, ನೆಟ್ಟಗೆ ಬಂತು. ಗುಳ್ಳೆ ಎದ್ದ ಜಾಗದ ಮೇಲೆಯೇ ಹಾದು ಬಂತು. ಒಂದು ಮೀನೂ ಅಲುಗಲಿಲ್ಲ. ಒಂದು ಸಲ ಮಾತ್ರ ಅದರ ಹಿಂದೆ ನೀರು ಉಬ್ಬಿತು, ಏನೋ ಹಿಂಬಾಲಿಸಿ ಬಂದು, ನೋಡಿ, ವಾಪಸು ಹೋಯಿತು.

ಮಾವ ಕಪ್ಪೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. “ಏನ ಮಾಡೀದಿ ಇದಕ್ಕ?”

“ನೆಟ್ಟಗ ಮಾಡೀನ್ರಿ.”

“ಯಾಕ?”

“ಸೊಟ್ಟ ಇತ್ತಲ್ರಿ.”

ಅವರು ಕಪ್ಪೆಯನ್ನು ಬದುವಿನ ಮೇಲೆ ಇಟ್ಟು ತಂಬಾಕು ತಿಕ್ಕಿದರು. “ಮೀನೇನು ಬಾಗಲಾ ಕೊಳ್ಳಾಕ ಬಂದೈತೇನು? ನೋವಾದ ಕಪ್ಪಿನ ಅದು ಹಿಡಿಯೂದು. ಭೇಷ್ ಹೊಂಟ ಕಪ್ಪಿ ಬೆನ್ನ ಹತ್ತಿದ್ರ ಸಿಗೂದಿಲ್ಲ ಅಂತ ಅದಕ್ಕ ಗೊತ್ತು. ಮೊದಲಿನಂಥಾದ್ದ ಇನ್ನೊಂದು ಮಾಡು.”

“ಆಗೂದಿಲ್ರಿ ಮಾವ.”

“ಯಾಕ ಆಗೂದಿಲ್ಲ?”

“ಅದು ನಾ ಮಾಡಿದ್ದಲ್ರಿ. ಕೈ ಜಾರಿ ಆಗಿದ್ದು.” ಇಷ್ಟು ಹೇಳಿದ ಮೇಲೆ ಉಳಿದದ್ದೂ ಬಂತು. “ಉಳಿ ಹಿಡದ್ರ ನಿಲ್ಲವಲ್ದು. ನೋವು ಇಲ್ರಿ, ಸುಳ್ಳ ಹೇಳ್ತೀನಿ ಎಲ್ಲಾರಿಗೂ. ಕೈ ಹೋತು.”

ಮಾವ ನನ್ನ ಕೈ ನೋಡಿದರು, ಮುಖ ನೋಡಿದರು. ತಂಬಾಕು ಬಾಯಿಗೆ ಹಾಕಿಕೊಂಡು, “ಮೊದಲಿನದು ಕೈ ಮಾಡೈತಿ. ಎರಡನೇದು ನೀ ಮಾಡು. ಎಷ್ಟು ಸೊಟ್ಟ ಇತ್ತೋ ಅಷ್ಟ ಇರಬೇಕು ಮತ್ತ. ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ” ಎಂದರು.

ಮನೆಗೆ ಬಂದು ಮಂಚದ ಕೆಳಗಿನ ಎಣ್ಣೆ ಬಟ್ಟೆ ಬಿಚ್ಚಿದೆ. ಎಡಕ್ಕೆ ಜಾರುವುದನ್ನು ತಡೆಯುವುದೊಂದೇ ಅಷ್ಟು ದಿನ ನನ್ನ ಯೋಚನೆಯಾಗಿತ್ತು. ಈಗ ಎಷ್ಟು ಜಾರಬೇಕು ಎಂದು ಅಳೆಯಬೇಕಾಯಿತು. ಉಳಿಯ ಹಿಡಿಯನ್ನು ಕೊಯ್ದು ಗಿಡ್ಡ ಮಾಡಿ ಟ್ಯೂಬು ಸುತ್ತಿದೆ, ಹಿಡಿಯ ಬುಡ ಅಂಗೈಯ ಗುಳಿಯಲ್ಲಿ ಕೂರುವ ಹಾಗೆ. ದಿಕ್ಕು ತೋರಿಸುವ ಕೆಲಸವನ್ನು ಎಡಗೈಯ ಹೆಬ್ಬೆರಳಿಗೆ ಕೊಟ್ಟೆ. ಅದು ಉಳಿಯ ಬಾಯಿಯ ಹತ್ತಿರ ಕಟ್ಟಿಗೆಗೆ ಒತ್ತಿಕೊಂಡು ಕೂರಬೇಕು, ಬಲಗೈ ದೂಡಬೇಕು. ಮೊದಲು ಬಲಗೈ ಒಂದೇ ಮಾಡುತ್ತಿದ್ದ ಕೆಲಸಕ್ಕೆ ಈಗ ಎರಡೂ ಕೈ ಬೇಕು. ಎಡ ಹೆಬ್ಬೆರಳಿಗೆ ಎರಡು ಸಲ ಗಾಯವಾಯಿತು. ಐದು ಕಪ್ಪೆ ಕೆಟ್ಟವು. ಒಂದು ಬಹಳ ವಾಲಿ ಬೆನ್ನು ಕೆಳಗಾಗಿ ಮಗುಚಿತು. ಒಂದು ಬಲಕ್ಕೆ ವಾಲಿತು, ಅದು ಹೇಗೋ ನನಗೇ ಗೊತ್ತಾಗಲಿಲ್ಲ. ತೊಟ್ಟಿಯ ನೀರು ಬಣ್ಣ ಬಣ್ಣ ಆಯಿತೆಂದು ಹೆಂಡತಿ ಬೇರೆ ತೊಟ್ಟಿ ನೋಡಿಕೊಳ್ಳಿರಿ ಎಂದಳು. ಹಾಗೆ ಅಂದವಳೇ ಮರುದಿನ ತಲೆ ಬಾಚಿದ ಕೂದಲನ್ನು ಡಬ್ಬಿಗೆ ಹಾಕದೆ ನನ್ನ ಕೆಲಸದ ಪೆಟ್ಟಿಗೆಯ ಮೇಲೆ ಇಟ್ಟು ಹೋಗಿದ್ದಳು.

ಕೊನೆಗೆ ಹಿಡಿತಕ್ಕೆ ಬಂತು. ಎಡ ಭುಜದಿಂದ ಒಂದು ಅಕ್ಕಿಕಾಳಿನ ದಪ್ಪ ತೆಗೆಯಬೇಕು, ಸೀಸವನ್ನು ನಡುಗೆರೆಯಿಂದ ಅಷ್ಟೇ ಎಡಕ್ಕೆ ಕೂಡಿಸಬೇಕು. ಒಂದು ಕಪ್ಪೆ ಸರಿಯಾಯಿತು. ಅದು ಮತ್ತೆ ಕೈ ಜಾರಿ ಆದದ್ದಲ್ಲ ಎಂದು ಯಾರು ಹೇಳಬೇಕು? ಅದಕ್ಕೇ ಎರಡನೆಯದನ್ನು ಮಾಡಿದೆ.

ಹೆಂಡತಿಯನ್ನು ಕರೆದು ಒಂದರ ದಾರವನ್ನು ಅವಳ ಕೈಗೆ ಕೊಟ್ಟೆ, ಇನ್ನೊಂದನ್ನು ನಾನು ಹಿಡಿದೆ. ತೊಟ್ಟಿಯ ಆ ತುದಿಯಿಂದ ಎರಡನ್ನೂ ಒಟ್ಟಿಗೆ ಎಳೆದೆವು. ಎರಡೂ ಎಡಕ್ಕೆ ವಾಲಿದವು, ಒಟ್ಟಿಗೆ ಎದ್ದವು, ಮತ್ತೆ ಒಟ್ಟಿಗೆ ವಾಲಿದವು.

“ಜೋಡಿ ಎತ್ತು ಹೊಂಟಂಗ ಹೊಂಟಾವಲ್ರಿ” ಎಂದಳು. ಆಮೇಲೆ, “ಇನ್ನೊಮ್ಮೆ ಎಳೀರಿ” ಎಂದಳು. ಎಷ್ಟು ಸಲ ಎಳೆದೆವೋ ಲೆಕ್ಕವಿಲ್ಲ. ಒಲೆಯ ಮೇಲಿನ ಬೇಳೆ ಹೊತ್ತಿದ ವಾಸನೆ ಬಂದಾಗ ಅವಳು ದಾರ ಬಿಟ್ಟು ಓಡಿದಳು.

ಸೋಮವಾರ ಎರಡೂ ಕಪ್ಪೆ ಕಿಸೆಯಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದೆ. ಮಾಲಕರ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಏರಿಸಿ ಒಂದನ್ನು ಎತ್ತಿದರು.

“ಇದೇನೋ? ಸೊಟ್ಟ ಐತಲ್ಲೋ.”

“ಇನ್ನೊಂದನ್ನೂ ನೋಡ್ರಿ.”

“ಅದೂ ಸೊಟ್ಟ ಐತಿ.”

“ಒಂದಕ್ಕೊಂದು ಹಚ್ಚಿ ನೋಡ್ರಿ.”

ಅವರು ಎರಡನ್ನೂ ಪಕ್ಕಪಕ್ಕ ಹಿಡಿದು ಬೆಳಕಿಗೆ ಎತ್ತಿದರು. ಬೆನ್ನು ನೋಡಿದರು, ಹೊಟ್ಟೆ ನೋಡಿದರು. ಉಗುರಿನಿಂದ ಎಡ ಭುಜ ತಡವಿದರು, ಒಂದರದು, ಆಮೇಲೆ ಇನ್ನೊಂದರದು, ಮತ್ತೆ ಮೊದಲನೆಯದು. ಅವರು ಬಾಗಿಲಿನ ಸಂದಿಯನ್ನು ತಡವಿ ನೋಡುವುದೂ ಹೀಗೆಯೇ. ಕನ್ನಡಕ ಇಳಿಸಿ, “ಬೇಕಂತ ಮಾಡೀದಿ” ಎಂದರು.

“ಹೌದ್ರಿ.”

“ಹಿಂದ ಯಲಬುರ್ಗಾದವರ ಚೌಕಟ್ಟು ಬಿದ್ದೈತಿ. ಕೂಡಸೂ ತೂತು ಇನ್ನೂ ಯಾರೂ ಹೊಡದಿಲ್ಲ. ಒಂದು ಹೊಡದು ತೋರಸು.”

ಮೊದಲು ಅರ್ಧ ತಾಸಿನಲ್ಲಿ ಹೊಡೆಯುತ್ತಿದ್ದ ತೂತಿಗೆ ಆವತ್ತು ಊಟದ ಹೊತ್ತಿನ ತನಕ ಹಿಡಿಯಿತು. ಮಾಲಕರು ಒಮ್ಮೆಯೂ ಹಿಂದೆ ಬರಲಿಲ್ಲ. ಮುಗಿದ ಮೇಲೆ ಬಂದು, ಅಡ್ಡಪಟ್ಟಿಯ ತುದಿಯನ್ನು ಅದರಲ್ಲಿ ಇಟ್ಟು ಅಂಗೈಯಿಂದ ಗುದ್ದಿದರು. ಕೂತಿತು. ಅಲುಗಿಸಿ ನೋಡಿದರು, ಅಲುಗಲಿಲ್ಲ. ಇನ್ನೂ ಮೂರು ತೂತು ಬಾಕಿ ಇವೆ ಎಂದು ಹೇಳಿ ಮುಂದಿನ ಖೋಲಿಗೆ ಹೋದರು.

ಒಂದು ಕಪ್ಪೆಯನ್ನು ಅವರು ಕೊಡಲೇ ಇಲ್ಲ, ಬಂದ ಗಿರಾಕಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. ಇನ್ನೊಂದು ಮಾವನ ಹತ್ತಿರ ಹೋಯಿತು. ತೊಡೆಯಷ್ಟಿನ ಮೀನು ಅದನ್ನು ಗಾಳ ಸಮೇತ ಎಳೆದುಕೊಂಡು ಜೊಂಡಿನ ಒಳಗೆ ಹೋಯಿತಂತೆ. “ಕಟ್ಟಿಗಿ ಹರೀಲಿಲ್ಲಪಾ, ದಾರ ಹರೀತು” ಎಂದು ಫೋನಿನಲ್ಲಿ ಸಂತೋಷದಿಂದಲೇ ಹೇಳಿದರು. ಈಗ ರವಿವಾರ ಮುಂಜಾನೆ ತೊಟ್ಟಿಯ ಪಕ್ಕ ಕೂತು ಅವರಿಗೆ ಮತ್ತೊಂದು ಕೆತ್ತುತ್ತೇನೆ. ಹೆಂಡತಿಗೆ ಬಕೀಟು ನಾನೇ ತಂದುಕೊಟ್ಟೆ. ಸ್ಟೀಲಿನದು ಬೇಕಿತ್ತು, ಪ್ಲಾಸ್ಟಿಕ್ಕಿನದು ತಂದಿರಿ ಎಂದು ಇನ್ನೂ ಅನ್ನುತ್ತಾಳೆ.

ರಂದಾ ಮಷಿನ್ನಿನ ಮುಂದೆ ನಿಂತಾಗ ಈಗ ಕೋಲಿನಿಂದಲೇ ದೂಡುತ್ತೇನೆ. ನನಗೆಂದು ಮುಂದಿನ ಖೋಲಿಯಲ್ಲಿ ಹಾಕಿಸಿದ್ದ ಕುರ್ಚಿಯನ್ನು ಮಾಲಕರು ತೆಗೆಸಿಲ್ಲ. ಅದರ ಮೇಲೆ ನನ್ನ ಬುತ್ತಿಗಂಟು ಕೂರುತ್ತದೆ.